ಶಾಲು ಸಾಕು, ಸಂಗಾತಿಗಳು ಬೇಕು

ನಮ್ಮ ಮುಂಬಯಿಯ ಕನ್ನಡ ಸಂಘಗಳ ವಾರ್ಷಿಕೋತ್ಸವದ ಆಮಂತ್ರಣಗಳನ್ನು ಸುಮ್ಮನೆ ಒಮ್ಮೆ ಓದಿ ನೋಡಿ. ಉದ್ಘಾಟನೆ, ಸನ್ಮಾನ, ಭಾಷಣ ಎಲ್ಲ ಮುಗಿದ ಮೇಲೆ ಕೊನೆಗೊಂದು ಸಾಲು: ಮಕ್ಕಳಿಂದ ವಿವಿಧ ವಿನೋದಾವಳಿ. ಮಕ್ಕಳಿಂದ ಇದೆ, ಮಕ್ಕಳಿಗಾಗಿ ಏನೂ ಇಲ್ಲ. ಮೂರರಿಂದ ಆರು ವರ್ಷದ ಕೂಸುಗಳಿಗಾಗಿ ದೊಡ್ಡವರು ಕಲಿತು, ಪಳಗಿ, ನಾಟಕ ಆಡಿ ತೋರಿಸುವುದು ಒಂದು ಕಸುಬು ಅನ್ನೋದೇ ಬಹಳ ಜನಕ್ಕೆ ಹೊಳೆದಿಲ್ಲ. ಹಾಗಾಗಿ ಆ ಕಸುಬಿನವರ ಹೊಟ್ಟೆಪಾಡಿನ ಪ್ರಶ್ನೆಯೂ ಏಳುವುದಿಲ್ಲ.

ಮಾಟುಂಗಕ್ಕೆ ನಾಟಕ ಹೊಸದಲ್ಲ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್, 1933ರಲ್ಲಿ ಹುಟ್ಟಿದ ಕರ್ನಾಟಕ ಸಂಘ ಇಲ್ಲಿ ಕನ್ನಡ ರಂಗಭೂಮಿಯನ್ನು ಬೆಳೆಸಿದವು. ಆದರೆ ಅದು ಹವ್ಯಾಸಿ ರಂಗಭೂಮಿ. ಹಗಲು ಬ್ಯಾಂಕು, ಆಫೀಸು, ಸಂಜೆ ತಾಲೀಮು. ತಿಂಗಳ ಸಂಬಳ ಬರುತ್ತಿದ್ದವನಿಗೆ ಶಾಲು, ಹಣ್ಣು, ಚಪ್ಪಾಳೆ ಸಾಕಾಗುತ್ತಿತ್ತು. ನೌಕರಿಯಿಲ್ಲದೆ, ಯಾವ ತಂಡಕ್ಕೂ ಸೇರದೆ, ಇಂದು ಒಂದು ಬಾಲವಾಡಿಯಲ್ಲಿ, ಮೇ ತಿಂಗಳಲ್ಲಿ ಒಂದು ಬೇಸಿಗೆ ಶಿಬಿರದಲ್ಲಿ ಬಿಡಿಯಾಗಿ ದುಡಿಯುವ ಕಲಾವಿದನಿಗೆ ಅದೇ ಮರ್ಯಾದೆ ಮಾಡಿ ಕಳಿಸಿದರೆ ಅವನು ರೈಲಿನ ಪಾಸಿಗೆ ಶಾಲನ್ನು ಮಾರಬೇಕೆ? 'ಚಿಕ್ಕ ಮಕ್ಕಳ ಆಟ ತಾನೆ, ಅದಕ್ಕೆಂಥ ಸಂಭಾವನೆ?' ಎನ್ನುವ ಮಾತನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

ಈ ಮಾತು ಆಡುವವರಿಗೆ ಲೆಕ್ಕ ಗೊತ್ತಿಲ್ಲ. ಎಳೆಯ ಮಕ್ಕಳ ನಾಟಕ ಐನೂರು ಕುರ್ಚಿಯ ಸಭಾಗೃಹದಲ್ಲಿ ಆಗುವಂಥದ್ದಲ್ಲ. ಮೂವತ್ತು ನಲವತ್ತು ಮಕ್ಕಳು, ಜಮಖಾನೆಯ ಮೇಲೆ, ನಟನ ಮುಖ ಕಾಣುವಷ್ಟು ಹತ್ತಿರ ಕೂತಿರಬೇಕು. ದೀಪ ಪೂರಾ ಆರಿಸಿದರೆ ಒಂದು ಮಗು ಅಳುತ್ತದೆ, ಒಂದು ಅತ್ತರೆ ಹತ್ತು ಅಳುತ್ತವೆ. ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಅದಕ್ಕೆ ವಾರಗಟ್ಟಲೆ ತಾಲೀಮು. ಅಂದರೆ ನಾಟಕ ಒಳ್ಳೆಯದಾಗಬೇಕಾದರೆ ಪ್ರೇಕ್ಷಕರು ಕಡಿಮೆ ಇರಬೇಕು. ಪ್ರೇಕ್ಷಕರು ಕಡಿಮೆಯಾದರೆ ಹುಟ್ಟುವಳಿ ಕಡಿಮೆ. ಈ ಗಂಟನ್ನು ಒಬ್ಬೊಬ್ಬನೇ ಬಿಚ್ಚಲಾರ.

ಹಾಗಂತ ಯಾರೂ ಬಿಚ್ಚೇ ಇಲ್ಲವೆಂದಲ್ಲ. ಇದೇ ಊರಲ್ಲಿ ಮರಾಠಿಯವರು, ಸುಧಾ ಕರಮರಕರ್ 1959ರಲ್ಲಿ, ರತ್ನಾಕರ ಮತ್ಕರಿ 1962ರಲ್ಲಿ, ಮಕ್ಕಳಿಗೆಂದೇ ನಾಟಕ ಕಟ್ಟಿದರು. ಬೆಂಗಳೂರಿನಲ್ಲಿ ಪ್ರೇಮಾ ಕಾರಂತರು 1979ರಲ್ಲಿ ಬೆನಕ ಮಕ್ಕಳ ಕೇಂದ್ರ ತೆರೆದರು. ಸಾಗರ ತಾಲೂಕಿನ ತುಮರಿಯಲ್ಲಿ ಕೆ.ಜಿ. ಕೃಷ್ಣಮೂರ್ತಿಯವರು ಕಿನ್ನರ ಮೇಳ ಕಟ್ಟಿದರು. ಇವೆಲ್ಲ ತಂಡಗಳು. ತಂಡದಲ್ಲಿ ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಬಣ್ಣ ಹಚ್ಚುತ್ತಾನೆ. ಬಿಡಿ ಕಲಾವಿದನಿಗೆ ಜ್ವರ ಬಂದರೆ ಆಟವೂ ಹೋಯಿತು, ದುಡ್ಡೂ ಹೋಯಿತು. 2020ರ ಮಾರ್ಚಿನಲ್ಲಿ ಎಲ್ಲ ಮುಚ್ಚಿದಾಗ ಇದು ನಿಚ್ಚಳವಾಯಿತು. ಮುಂಬಯಿಯಲ್ಲಿ ಶಿಶುವರ್ಗಗಳು ತೆರೆದದ್ದು ಎಲ್ಲಕ್ಕಿಂತ ಕೊನೆಗೆ, 2022ರ ಜನವರಿಯಲ್ಲಿ. ಅಲ್ಲೀತನಕ ಇವರು ಏನು ತಿಂದರು ಅಂತ ಯಾವ ಸಂಘವಾದರೂ ಕೇಳಿತೋ?

ನನ್ನ ವಾದ ಇಷ್ಟೆ: ಕೇಳಬೇಕಾದವರು ಸಂಘದ ಅಧ್ಯಕ್ಷರಲ್ಲ, ಅದೇ ಕಸುಬಿನ ಒಡನಾಡಿಗಳು. ಪರದೇಶದವರು ಇದನ್ನು ಹಿಂದೆಯೇ ಕಂಡುಕೊಂಡರು. ಮಕ್ಕಳ ರಂಗಭೂಮಿಯವರ ಅಂತರರಾಷ್ಟ್ರೀಯ ಕೂಟ ಅಸಿತೇಜ್ 1965ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಅಷ್ಟು ದೂರ ಯಾಕೆ, ನಮ್ಮ ಯಕ್ಷಗಾನವನ್ನೇ ನೋಡಿ. ಉಡುಪಿಯ ಯಕ್ಷಗಾನ ಕಲಾರಂಗ ವೃತ್ತಿ ಕಲಾವಿದರ ಕಷ್ಟಕ್ಕೆಂದು ಯಕ್ಷನಿಧಿ ಇಟ್ಟಿದೆ. ಪಟ್ಲ ಸತೀಶ ಶೆಟ್ಟರು ಸ್ವತಃ ಭಾಗವತರು. ಅವರು ಕಟ್ಟಿದ ಫೌಂಡೇಶನ್ ಕಲಾವಿದರ ಚಿಕಿತ್ಸೆಗೆ, ಮನೆಗೆ ನೆರವಾಗುತ್ತಿದೆ. ಅದಕ್ಕೆ ಮುಂಬಯಿಯ ಕನ್ನಡಿಗ, ತುಳುವರ ಕೈಯೂ ಕೂಡಿದೆ. ಭಾಗವತರಿಗೆ ಆದದ್ದು ಗೊಂಬೆಯಾಟದವರಿಗೆ ಯಾಕಾಗಬಾರದು?

ದೊಡ್ಡ ಸಂಸ್ಥೆ ಬೇಡ, ಲೆಟರ್‌ಹೆಡ್ ಬೇಡ. ಮಾಟುಂಗದಲ್ಲೋ ವಡಾಲದಲ್ಲೋ ತಿಂಗಳಿಗೊಂದು ಭಾನುವಾರ ಹತ್ತು ಜನ ಸೇರಲಿ. ಒಂದು ಚೀಟಿ ಹಾಕಲಿ, ಆಪತ್ತಿಗಾದೀತು. ಗೊಂಬೆ, ಮುಖವಾಡ, ಪರದೆ ಇಡಲು ಎಲ್ಲರೂ ಕೂಡಿ ಒಂದೇ ಖೋಲಿ ಹಿಡಿಯಲಿ. ಈ ಊರಲ್ಲಿ ಜಾಗದ ಬಾಡಿಗೆ ಒಬ್ಬನಿಂದ ಆಗದು. ಒಬ್ಬರ ಪಾತ್ರ ಇನ್ನೊಬ್ಬರು ಕಲಿತಿರಲಿ. ಇದಕ್ಕಿಂತ ಕಡಿಮೆಗೆ ಆಡುವುದಿಲ್ಲ ಅಂತ ಎಲ್ಲರೂ ಒಂದು ಮೊತ್ತಕ್ಕೆ ನಿಲ್ಲಲಿ. ಎಲ್ಲಕ್ಕಿಂತ ಮುಖ್ಯ, ಒಬ್ಬರ ತಾಲೀಮು ಇನ್ನೊಬ್ಬರು ನೋಡಿ, 'ಇಲ್ಲಿ ಮಗುವಿಗೆ ಬೇಜಾರಾಗುತ್ತೆ' ಅಂತ ಮುಖಕ್ಕೆ ಹೇಳಲಿ. ಸನ್ಮಾನ ಸಭೆಯಲ್ಲಿ ಈ ಮಾತು ಯಾರೂ ಹೇಳುವುದಿಲ್ಲ.

'ಒಂದೇ ಶಾಲೆಯ ಬಾಗಿಲು ಬಡಿಯುವ ಇಬ್ಬರು ಗೆಳೆಯರಾಗುವುದುಂಟೆ?' ಎಂದು ಕೇಳುವವರಿದ್ದಾರೆ. ಉಂಟು. ಒಬ್ಬರ ಕಾಲು ಒಬ್ಬರು ಎಳೆದು ಸಂಭಾವನೆ ಇಳಿಸಿಕೊಂಡದ್ದು ಸಾಕು. ಇಬ್ಬರೂ ಒಂದೇ ದರ ಹೇಳಿದ ದಿನ ಶಾಲೆಯವರೂ ಒಪ್ಪಿಯಾರು.

ಇನ್ನು ನಾವು, ಕನ್ನಡ ಸಾಹಿತ್ಯ ಓದುವವರು. ಈ ನಗರದಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಬರಿದಾಗುತ್ತಿರುವ ಬಗ್ಗೆ ವಿಚಾರಸಂಕಿರಣ ಮಾಡುತ್ತೇವೆ. ಅಜ್ಜಿಯ ಮಡಿಲಿನ ಕನ್ನಡ ಇನ್ನೂ ಕಿವಿಯಲ್ಲಿರುವ ಮಗು ಶಾಲೆಗೆ ಹೋಗುವ ಮೊದಲೇ ಆ ಭಾಷೆಯಲ್ಲಿ ಒಂದು ನಾಟಕ ಕಂಡು ನಕ್ಕರೆ, ಅದು ನಮ್ಮ ಎಷ್ಟೋ ಪ್ರಬಂಧಗಳಿಗಿಂತ ದೊಡ್ಡ ಕೆಲಸ. ಆ ಹತ್ತು ಜನರಿಗೆ ಕತೆ ಹುಡುಕಿಕೊಡಲು, ಮಾತು ಬರೆದುಕೊಡಲು, ಪೆಟ್ಟಿಗೆ ಹೊರಲು ನಮಗೇನು ಅಡ್ಡಿ? ಬರುವ ಭಾನುವಾರದಿಂದಲೇ ಆಗಬಹುದು.