ಡಿಜಿಟಲ್ ಕಲೆಯ ಎಂಎ ಗೊಟಗೋಡಿಯಲ್ಲೇ ಯಾಕಾಗಬಾರದು?

ನಮ್ಮ ತಡಸದ ಹುಡುಗರು ಮೊಬೈಲಿನಲ್ಲೇ ಜಾತ್ರೆಯ ವಿಡಿಯೊ ಎಡಿಟ್ ಮಾಡುತ್ತಾರೆ. ಅದನ್ನೇ ಮುಂದೆ ಓದೋಣ, ಡಿಜಿಟಲ್ ಮಾಧ್ಯಮ ಕಲೆಯಲ್ಲಿ ಸ್ನಾತಕೋತ್ತರ ಪದವಿ ಮಾಡೋಣ ಅಂದರೆ ಹೆಚ್ಚಿನವರು ಬೆಂಗಳೂರಿನ ದಾರಿಯನ್ನೇ ನೋಡಬೇಕು. ಫೀಸು, ರೂಮು, ಲ್ಯಾಪ್‌ಟಾಪು ಎಂದಾಗ ಅಪ್ಪ ಹೊಲದ ಕಡೆ ನೋಡುತ್ತಾನೆ. ಹುಡುಗಿಯರಿಗಂತೂ ಮಾತು ಅಲ್ಲಿಗೇ ಮುಗಿಯುತ್ತದೆ.

ನಮ್ಮದೇ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅದೇ ಊರಲ್ಲಿ, ಹಳ್ಳಿ ಬದುಕನ್ನು ಸಿಮೆಂಟಿನ ಶಿಲ್ಪಗಳಲ್ಲಿ ನಿಲ್ಲಿಸಿದ ಸೊಲಬಕ್ಕನವರ ಉತ್ಸವ ರಾಕ್ ಗಾರ್ಡನ್ ಇದೆ. ದೊಡ್ಡಾಟದ ವೇಷ, ಲಾವಣಿ, ತೊಗಲುಗೊಂಬೆ: ಅನಿಮೇಷನ್‌ಗೂ ಗೇಮ್‌ಗೂ ಬೇಕಾದ ಕಥೆ, ಬಣ್ಣ ಈ ಸೀಮೆಯಲ್ಲೇ ಇವೆ.

ಸರ್ಕಾರ ಲ್ಯಾಬ್, ಮೇಷ್ಟ್ರನ್ನು ಕೊಟ್ಟು ಈ ಪದವಿಯನ್ನು ಅಲ್ಲೇ, ಕನ್ನಡದಲ್ಲೇ ಶುರು ಮಾಡಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರುವಂತಾದರೆ ಹೊಲವೂ ಉಳಿದೀತು, ಹುಡುಗಿಯರೂ ಓದಿಯಾರು.