ಗೇರ್ ಬದಲಿಸುವುದು ಯಾವಾಗ?

ಹಬ್ಬ ಬಂತೆಂದರೆ ಪುಣೆಯ ನಮ್ಮ ಹುಡುಗರು ಬಸ್ ಟಿಕೆಟ್ ಸಿಗದೆ ಬೈಕಿನಲ್ಲೇ ಬೆಳಗಾವಿ ಕಡೆ ಹೊರಡುತ್ತಾರೆ. ಸಾತಾರಕ್ಕೆ ಮೊದಲೇ ಖಂಬಾಟ್ಕಿ ಘಾಟ್ ಎದುರಾಗುತ್ತದೆ. ಹೊರಡುವ ಮುನ್ನ ಅವರು ನನ್ನನ್ನು ಕೇಳುವುದು ಒಂದೇ: ಯಾವ ಸ್ಪೀಡಿಗೆ ಯಾವ ಗೇರ್?

ನಾನು ಹೇಳುವುದಿಷ್ಟು: ಮೀಟರ್ ನೋಡಬೇಡಿ, ಎಂಜಿನ್ ಸದ್ದು ಕೇಳಿ. ಕಿರುಚಿದರೆ ಗೇರ್ ಏರಿಸಿ; ಒದ್ದಾಡಿ ನಡುಗಿದರೆ ಇಳಿಸಿ. ಏರಿನ ನಡುವೆ ಬೈಕಿಗೆ ಉಸಿರು ಕಟ್ಟುವ ತನಕ ಕಾಯದೆ, ಏರು ಶುರುವಾಗುವ ಮೊದಲೇ ಇಳಿಸಿ. ತಿರುವಿಗೂ ಅಷ್ಟೇ, ಗೇರ್ ಮೊದಲು, ತಿರುವು ಆಮೇಲೆ.

ಪ್ರಾಣಕ್ಕೆ ಎರವಾಗುವುದು ಇಳಿಜಾರು. ಪೆಟ್ರೋಲ್ ಉಳಿಸಲು ಕೆಲವರು ನ್ಯೂಟ್ರಲ್‌ಗೆ ಹಾಕಿ ಬಿಟ್ಟುಬಿಡುತ್ತಾರೆ. ಆಗ ಎಂಜಿನ್ ಬೈಕನ್ನು ಹಿಡಿದಿಡುವುದಿಲ್ಲ, ಭಾರವೆಲ್ಲ ಬ್ರೇಕಿಗೆ. ಒತ್ತಿ ಒತ್ತಿ ಕಾದ ಬ್ರೇಕ್ ಬೇಕಾದ ಹೊತ್ತಿಗೆ ಕೈಕೊಡುತ್ತದೆ. ಕ್ಲಚ್ ಹಿಡಿದುಕೊಂಡೇ ಇಳಿದರೂ ಇದೇ ಕಥೆ.

ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಇರಲಿ, 2 ಅಥವಾ 3. ಒಂದೊಂದೇ ಇಳಿಸಿ, ಕ್ಲಚ್ ನಿಧಾನ ಬಿಡಿ. ತಟ್ಟನೆ ಬಿಟ್ಟರೆ ಹಿಂದಿನ ಚಕ್ರ ಜಾರುತ್ತದೆ. ಹಿಂದೆ ಹೆಂಡತಿ, ಬ್ಯಾಗು ಇದ್ದರಂತೂ ಇನ್ನೂ ಬೇಗ ಇಳಿಸಿ.

ಉಳಿಯುವ ಪೆಟ್ರೋಲ್ ನಾಲ್ಕು ಕಾಸಿನದು. ಹೋಳಿಗೆ ಆರಿದರೂ ಪರವಾಗಿಲ್ಲ, ನೀವು ಮನೆ ಸೇರಿ.