ಪಕ್ಕದ್ಮನೆ ಅಂದ್ರೆ ಯಾರ ಪಕ್ಕ?

"ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಲ್ಲ?" ಅನ್ನೋ ಪಿಎಚ್‌ಪಿ ಗೆಳೆಯರೇ, ಬರೀ ಎರಡು ಚುಕ್ಕಿ, ಒಂದು ಸ್ಲ್ಯಾಶ್ ಹಾಕಿ ಫೈಲ್ ಕರೆಯೋದನ್ನ ದಯವಿಟ್ಟು ನಿಲ್ಲಿಸಿ. ಆ ಚುಕ್ಕಿಗಳ ಲೆಕ್ಕ ಶುರುವಾಗೋದು ನೀವು ಕೋಡ್ ಬರೆದ ಫೈಲಿನಿಂದಲ್ಲ; ಓಡುವಾಗ ಪಿಎಚ್‌ಪಿ ಯಾವ ಫೋಲ್ಡರಿನಲ್ಲಿ ನಿಂತಿದೆಯೋ ಅಲ್ಲಿಂದ. ಬ್ರೌಸರಿನಿಂದ ಬಂದರೆ ಒಂದು ಜಾಗ, ಕ್ರಾನ್ ಓಡಿಸಿದರೆ ಸಾಮಾನ್ಯವಾಗಿ ಹೋಮ್ ಫೋಲ್ಡರ್. "ಪಕ್ಕದ್ಮನೆ" ಅಂತ ವಿಳಾಸ ಕೊಟ್ಟ ಹಾಗೆ! ನಮ್ಮ ರಾತ್ರಿ ಬ್ಯಾಕಪ್ ಹೀಗೇ ನಿಂತುಹೋಗಿತ್ತು. ಫೈಲ್ ಸಿಗದಿದ್ದರೆ ಇನ್‌ಕ್ಲೂಡ್ ಬರೀ ವಾರ್ನಿಂಗ್ ಕೊಟ್ಟು ಮುಂದೆ ಹೋಗುತ್ತೆ, ಅದನ್ನ ಯಾರು ನೋಡ್ತಾರೆ? (ರಿಕ್ವೈರ್ ಆದ್ರೆ ಅಲ್ಲೇ ನಿಲ್ಲಿಸುತ್ತೆ.) ಹಾಗಂತ ಸರ್ವರಿನ ಪೂರ್ತಿ ಪಾತ್ ಬರೆದಿಡೋದೂ ಮದ್ದಲ್ಲ, ಸರ್ವರ್ ಬದಲಾದ ದಿನ ಅದೂ ಕೆಟ್ಟಿತು. ಹಿಂದೆ ಮುಂದೆ ಎರಡೆರಡು ಅಂಡರ್‌ಸ್ಕೋರ್ ಇರೋ 'ಡಿರ್' 2009ರಲ್ಲಿ, ಪಿಎಚ್‌ಪಿ 5.3ರಲ್ಲೇ ಬಂತು. ಫೈಲ್ ಇರುವ ಫೋಲ್ಡರಿನ ಪೂರ್ತಿ ಪಾತ್ ಅದೇ ಕೊಡುತ್ತೆ. ನಿಮ್ಮ ಚುಕ್ಕಿಗಳನ್ನ ಅದರ ಮುಂದೆ ಅಂಟಿಸೋಕೆ ಏನು ಕಷ್ಟ?